ಕೈಡೆಕ್ಸ್ ಹೋಲ್ಸ್ಟರ್: ಒಂದು ಮಳೆಗಾಲ ಪೂರ್ತಿ ಸೊಂಟಕ್ಕೆ ಕಟ್ಟಿ ನೋಡಿದ ಮೇಲೆ

2025ರ ಮೇ ತಿಂಗಳಿಂದ ನವೆಂಬರ್ ಕೊನೆಯವರೆಗೆ, ಮಳೆ ಬಂದ ದಿನವೂ ಬಾರದ ದಿನವೂ, ಒಂದೇ ಕೈಡೆಕ್ಸ್ ಹೋಲ್ಸ್ಟರ್ (ರಿವಾಲ್ವರ್ ಇಡುವ ಗಟ್ಟಿ ಪ್ಲಾಸ್ಟಿಕ್ ಒರೆ) ಕಟ್ಟಿಕೊಂಡು ಸ್ಕೂಟರ್‌ನಲ್ಲಿ ಓಡಾಡಿದ್ದೇನೆ. ಕೊಟ್ಟ ದುಡ್ಡು 3,400 ರೂಪಾಯಿ. ಮಳೆಯಲ್ಲಿ ರಿವಾಲ್ವರ್ ಇಟ್ಟುಕೊಂಡು ಓಡಾಡಲೇಬೇಕಾದವರು ಇದನ್ನು ತಗೊಳ್ಳಬಹುದು, ಅಷ್ಟನ್ನು ಧೈರ್ಯವಾಗಿ ಹೇಳುತ್ತೇನೆ. ಆದರೆ ಅದರ ಜೊತೆ ಬರುವ ಸ್ಕ್ರೂಗಳನ್ನು ನಂಬಬೇಡಿ. ಇದನ್ನು ಕೊಂಡ ಮಾತ್ರಕ್ಕೆ ತುಕ್ಕಿನ ಚಿಂತೆ ಮುಗಿಯಿತು ಅಂತಲೂ ಅಂದುಕೊಳ್ಳಬೇಡಿ. ಎರಡನ್ನೂ ಬಿಡಿಸಿ ಹೇಳುತ್ತೇನೆ.

ಬೆಂಗಳೂರಿನ ನಗರ್ತಪೇಟೆಯಲ್ಲಿ ನಮ್ಮದು ಚಿನ್ನದ ಕೆಲಸದ ಸಣ್ಣ ಅಂಗಡಿ. ಅಪ್ಪನ ಕಾಲದ್ದು. ಆ ಗಲ್ಲಿಗಳಿಗೆ ಕಾರು ತಂದರೆ ನಿಲ್ಲಿಸಲು ಜಾಗವಿಲ್ಲ. ಹಾಲ್‌ಮಾರ್ಕ್ ಹಾಕಿಸಲು ಹೋಗುವುದು, ಅವೆನ್ಯೂ ರೋಡಿನ ರಾಜಾ ಮಾರ್ಕೆಟ್‌ಗೆ ಮಾಲು ಕೊಟ್ಟು ಬರುವುದು, ರಾತ್ರಿ ಬಾಗಿಲು ಹಾಕಿ ಚಾಮರಾಜಪೇಟೆಯ ಮನೆಗೆ ಬರುವುದು ಎಲ್ಲವೂ ಸ್ಕೂಟರ್‌ನಲ್ಲೇ. ಜೊತೆಗೆ ಒಡವೆ ಇರುತ್ತದೆ, ಅದಕ್ಕಾಗಿಯೇ ಇನ್‌ಫೆಂಟ್ರಿ ರೋಡಿನ ಕಮಿಷನರ್ ಆಫೀಸಿಗೆ ಅರ್ಜಿ ಹಾಕಿ ಆತ್ಮರಕ್ಷಣೆಗೆ ಲೈಸೆನ್ಸ್ ಮಾಡಿಸಿದ್ದು. ಇರುವುದು ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ ಪಾಯಿಂಟ್ 32 ರಿವಾಲ್ವರ್, ಆರು ತೋಟಾ ಹಿಡಿಯುವಂಥದ್ದು, ಸುಮಾರು 700 ಗ್ರಾಂ ತೂಕ. ಹಳೆಯ ವೆಬ್ಲಿ ರಿವಾಲ್ವರ್ ಹಾಗೆ ಮೇಲಿನಿಂದ ಮುರಿದು ತೆರೆಯುವ ಮಾದರಿ. ನಳಿಕೆಯನ್ನು ಕೆಳಗೆ ಬಗ್ಗಿಸಿದರೆ ಆರೂ ತೋಟಾ ಒಟ್ಟಿಗೆ ಮೇಲಕ್ಕೆ ಬರುತ್ತವೆ. ಒರೆಸಿ ಶುಚಿ ಮಾಡುವವರಿಗೆ ಇದಕ್ಕಿಂತ ಅನುಕೂಲದ ಮಾದರಿ ಇಲ್ಲ.

ಕೈಡೆಕ್ಸ್‌ಗೆ ಮೊದಲು ನಾಲ್ಕು ವರ್ಷ ಚರ್ಮದ ಹೋಲ್ಸ್ಟರ್ ಬಳಸಿದೆ. ಒಳ್ಳೆಯ ದಪ್ಪ ಚರ್ಮ, ಒಳ್ಳೆಯ ಹೊಲಿಗೆ. ಅದು ನನಗೆ ಕೈಕೊಟ್ಟದ್ದು 2024ರ ಅಕ್ಟೋಬರ್‌ನಲ್ಲಿ. ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಕರೆತಂದರಲ್ಲ, ಆ ದಿನಗಳು. ದೀಪಾವಳಿ ಹತ್ತಿರ, ನಮಗೆ ವರ್ಷದಲ್ಲೇ ಜಾಸ್ತಿ ಕೆಲಸ. ಒಂದು ರಾತ್ರಿ ಟೌನ್‌ಹಾಲ್ ಹತ್ತಿರ ಮುಕ್ಕಾಲು ಗಂಟೆ ನೀರಿನಲ್ಲಿ ಸಿಕ್ಕಿಕೊಂಡು ಹತ್ತು ಗಂಟೆಗೆ ಮನೆ ಸೇರಿದೆ. ರೈನ್‌ಕೋಟ್ ಇತ್ತು, ಮೇಲಿನಿಂದ ನೋಡಿದರೆ ಹೋಲ್ಸ್ಟರ್ ಒದ್ದೆಯಾದ ಹಾಗೆ ಕಾಣಲಿಲ್ಲ. ಸುಸ್ತಾಗಿತ್ತು. ಹೋಲ್ಸ್ಟರ್ ಸಮೇತ ಗಾಡ್ರೆಜ್ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮರುದಿನದಿಂದ ಎರಡು ದಿನ ಅಂಗಡಿಯಲ್ಲೇ ಕೂತು ಕೆಲಸ ಮಾಡಿದ್ದರಿಂದ ರಿವಾಲ್ವರ್ ತೆಗೆಯುವ ಪ್ರಸಂಗವೇ ಬರಲಿಲ್ಲ.

ಮೂರನೇ ದಿನ ತೆಗೆದಾಗ ಎದೆ ಧಸಕ್ಕೆಂದಿತು. ತೋಟಾ ತುಂಬುವ, ತಿರುಗುವ ಸಿಲಿಂಡರ್‌ನ ಒಂದು ಪಕ್ಕ, ಚರ್ಮ ಒತ್ತಿಕೊಂಡಿದ್ದ ಜಾಗದಲ್ಲಿ, ಕೆಂಪು ಕಂದು ಬಣ್ಣದ ತುಕ್ಕು ಪಟ್ಟಿಯಂತೆ ಹಿಡಿದಿತ್ತು. ನಳಿಕೆಯ ಬಾಯಿಯ ಸುತ್ತ ಚುಕ್ಕೆಗಳು. ತೋಟಾಗಳ ಹಿತ್ತಾಳೆಯ ಮೇಲೆ ಹಸಿರು ಕಿಲುಬು. ಚರ್ಮದ ಒಳಗೆ ಕೈ ಹಾಕಿದರೆ ಇನ್ನೂ ತಣ್ಣಗೆ ತೇವ ಇತ್ತು, ಬೂಷ್ಟಿನ ವಾಸನೆ ಬರುತ್ತಿತ್ತು. ಮಳೆ ನಿಂತು ಮೂರು ದಿನ ಆಗಿದೆ, ಆದರೆ ಬೀರುವಿನೊಳಗೆ ನನ್ನ ರಿವಾಲ್ವರ್ ಅಷ್ಟೂ ಹೊತ್ತು ಮಳೆಯಲ್ಲೇ ಇದೆ! ಇದನ್ನು ನಾನು ಯಾರಿಗಾದರೂ ಒತ್ತಿ ಹೇಳುವುದಾದರೆ ಇದೊಂದನ್ನೇ ಹೇಳುತ್ತೇನೆ. ರಸ್ತೆಯಲ್ಲಿ ಅರ್ಧ ಗಂಟೆ ನೆನೆದದ್ದರಿಂದ ಆಗುವ ಹಾನಿ ಸಣ್ಣದು. ಮನೆಗೆ ತಂದ ಮೇಲೆ ಒದ್ದೆ ಚರ್ಮದೊಳಗೆ ರಾತ್ರಿಯೆಲ್ಲಾ ಬಿಡುತ್ತೇವಲ್ಲ, ಹಾಳಾಗುವುದು ಅಲ್ಲಿ.

ಆ ಹೋಲ್ಸ್ಟರನ್ನು ಖಾಲಿ ಮಾಡಿ ಶಿವಾಜಿನಗರದಲ್ಲಿ ಬೆಲ್ಟು, ಬ್ಯಾಗು ಮಾಡುವ ಹಿರಿಯರೊಬ್ಬರ ಹತ್ತಿರ ತೆಗೆದುಕೊಂಡು ಹೋದೆ. ಅವರು ಮೂಸಿ ನೋಡಿದರು, ಬಗ್ಗಿಸಿ ನೋಡಿದರು. "ಸಾರ್, ಚರ್ಮ ಅಂದ್ರೆ ಸ್ಪಂಜ್ ಇದ್ದ ಹಾಗೆ. ನೀರು ಕುಡಿಯೋಕೆ ಐದು ನಿಮಿಷ, ಬಿಡೋಕೆ ಎರಡು ದಿನ" ಅಂದರು. ಹದ ಮಾಡುವಾಗ ಬಳಸಿದ ವಸ್ತು ಚರ್ಮದಲ್ಲಿ ಉಳಿದಿರುತ್ತದೆ. ನಮ್ಮ ಕಡೆ ಮೊದಲು ತಂಗಡಿ ಗಿಡದ ತೊಗಟೆಯಲ್ಲಿ ಹದ ಮಾಡುತ್ತಿದ್ದರು, ಈಗ ಹೆಚ್ಚಾಗಿ ಕ್ರೋಮಿಯಂ ಲವಣದಲ್ಲಿ ಮಾಡುತ್ತಾರೆ. ತೊಗಟೆಯದಾದರೆ ಅದರಲ್ಲಿ ಹುಳಿ ಅಂಶ, ಕ್ರೋಮ್‌ನದಾದರೆ ಉಪ್ಪು. ಒಣಗಿದ್ದಾಗ ಎರಡೂ ಸುಮ್ನೆ ಇರುತ್ತವೆ, ಒದ್ದೆಯಾದರೆ ಲೋಹಕ್ಕೆ ಅಂಟಿಕೊಂಡು ತಿನ್ನುತ್ತವೆ. ತೋಟಾದ ಕಿಲುಬಿಗೂ ಇದೇ ಕಾರಣ. ಚರ್ಮದ ತೋಟಾ ಪಟ್ಟಿಯಲ್ಲಿ ವರ್ಷಗಟ್ಟಲೆ ಬಿಟ್ಟ ತೋಟಾಗಳು ಹಸಿರಾಗುವುದನ್ನು ಮಲೆನಾಡಿನ ಕೋವಿ ಇರುವ ಮನೆಗಳಲ್ಲಿ ನೋಡಿರುತ್ತೀರಿ.

ಒಣಗಿಸುವುದನ್ನೂ ಅವರೇ ಹೇಳಿಕೊಟ್ಟರು. ಬಿಸಿಲಿಗೆ ಇಡಬಾರದು, ಒಲೆ ಹತ್ತಿರ ಇಡಬಾರದು, ಚರ್ಮ ಬಿರುಸಾಗಿ ಬಿರುಕು ಬಿಡುತ್ತದೆ. ಒಳಗೆ ಹಳೆ ಪೇಪರ್ ತುರುಕಿ ನೆರಳಿನಲ್ಲಿ ಫ್ಯಾನ್ ಕೆಳಗೆ ಇಡಬೇಕು, ಪೇಪರ್ ಒದ್ದೆಯಾದಾಗ ಬದಲಾಯಿಸಬೇಕು. ಪೂರ್ತಿ ಒಣಗಿದ ಮೇಲೆ ಹೊರಗೆ ಮಾತ್ರ ತೆಳ್ಳಗೆ ಜೇನುಮೇಣ ಹಚ್ಚಬೇಕು. ತೆಂಗಿನೆಣ್ಣೆ ಹಚ್ಚಬಹುದಾ ಅಂತ ಕೇಳಿದೆ, ಬೇಡವೇ ಬೇಡ ಅಂದರು. ಮೆತ್ತಗಾಗಿ ಆಕಾರ ಹೋಗುತ್ತದೆ, ರಿವಾಲ್ವರ್ ಜಾರುತ್ತದೆ. ಇಷ್ಟೆಲ್ಲಾ ಹೇಳಿ ನನ್ನಿಂದ ತೆಗೆದುಕೊಂಡದ್ದು ಬಿಚ್ಚಿಹೋಗಿದ್ದ ಎರಡು ಹೊಲಿಗೆಗೆ ಎಂಬತ್ತು ರೂಪಾಯಿ. "ಮಳೆಗಾಲಕ್ಕೆ ಬೇರೆ ಏನಾದ್ರೂ ನೋಡ್ಕೊಳ್ಳಿ ಸಾರ್, ಇದನ್ನ ಬೇಸಿಗೆಗೆ ಇಟ್ಕೊಳ್ಳಿ" ಅಂದರು. ಚರ್ಮದ ಕೆಲಸದವರೇ ಚರ್ಮ ಬೇಡ ಅಂದ ಮೇಲೆ ನಾನು ಬೇರೆ ಕಡೆ ನೋಡಲು ಶುರು ಮಾಡಿದೆ.

ತುಕ್ಕಿನ ವಿಷಯಕ್ಕೆ ಬಂದರೆ, ದಯವಿಟ್ಟು ಮರಳು ಕಾಗದ ಹಾಕಿ ಉಜ್ಜಬೇಡಿ. ಉಕ್ಕನ್ನು ಕಾಯುವ ಕಪ್ಪು ನೀಲಿ ಪದರ, ಅಂದರೆ ಬ್ಲೂಯಿಂಗ್, ಹೋಗಿಬಿಡುತ್ತದೆ, ಆ ಜಾಗದಲ್ಲಿ ಮುಂದೆ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ನಂಬರ್. ಚೌಕಟ್ಟಿನ ಮೇಲೆ ಕೊರೆದ ನಂಬರ್ ಉಜ್ಜಿ ಅಳಿಸಿಹೋದರೆ 1959ರ ಆಯುಧ ಕಾಯ್ದೆಯ ಪ್ರಕಾರ ಅದು ಅಪರಾಧ, ಮಳೆಯಲ್ಲಿ ತುಕ್ಕು ಹಿಡಿದಿತ್ತು ಅಂತ ಹೇಳಿ ತಪ್ಪಿಸಿಕೊಳ್ಳುವುದು ಸುಲಭವಲ್ಲ. ನಾನು ಮಾಡಿದ್ದು ಇಷ್ಟೇ: ಎಣ್ಣೆ ಹಚ್ಚಿ ಒಂದು ರಾತ್ರಿ ನೆನೆಯಲು ಬಿಟ್ಟು, ಮೆತ್ತನೆಯ ಹಿತ್ತಾಳೆ ಬ್ರಷ್‌ನಿಂದ ನಿಧಾನವಾಗಿ ತಿಕ್ಕಿದೆ. ಮೇಲಿನ ತುಕ್ಕು ಬಂತು. ಹಿಡಿಕೆಯ ಪಟ್ಟಿಗಳ ಕೆಳಗೆ ನೀರು ಹೋಗಿರಬಹುದು ಅನ್ನಿಸಿ ಲೈಸೆನ್ಸ್ ಇರುವ ಗನ್ ಡೀಲರ್ ಹತ್ತಿರ ಕೊಂಡುಹೋಗಿ ಬಿಚ್ಚಿಸಿ ನೋಡಿಸಿದೆ. ಸ್ಪ್ರಿಂಗ್ ಮೇಲೆ ತುಕ್ಕು ಶುರುವಾಗಿತ್ತು. ಅದು ಕಣ್ಣಿಗೆ ಕಾಣುವ ಜಾಗವೇ ಅಲ್ಲ ನೋಡಿ. ಕಿಲುಬು ಹಿಡಿದ ತೋಟಾಗಳನ್ನು ಮತ್ತೆ ಬಳಸಬಾರದೆಂದು ಪಕ್ಕಕ್ಕೆ ತೆಗೆದಿಟ್ಟೆ. ಲೈಸೆನ್ಸ್‌ನಲ್ಲಿ ಬರೆದಷ್ಟೇ ತೋಟಾ ಸಿಗುವುದು, ಹಾಗಾಗಿ ಆರು ಹಾಳಾದರೂ ನಷ್ಟ ನಷ್ಟವೇ.

ಈಗ ಕೈಡೆಕ್ಸ್. ಇದು ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್ ಹಾಳೆ, 1965ರಲ್ಲಿ ಅಮೆರಿಕದ ರೋಮ್ ಅಂಡ್ ಹಾಸ್ ಕಂಪನಿ ವಿಮಾನಗಳ ಒಳಭಾಗಕ್ಕೆಂದು ತಂದದ್ದು. ಕಾಯಿಸಿದರೆ ಮೆತ್ತಗಾಗುತ್ತದೆ, ಅಚ್ಚಿನ ಮೇಲೆ ಒತ್ತಿ ಆರಿಸಿದರೆ ಆ ಆಕಾರಕ್ಕೇ ನಿಲ್ಲುತ್ತದೆ. ನೀರು ಕುಡಿಯುವುದಿಲ್ಲ, ಅದೇ ಇದರ ದೊಡ್ಡ ಗುಣ. ನಮ್ಮ ದೇಶದಲ್ಲೇ ಅಳತೆಗೆ ಮಾಡಿಕೊಡುವವರು ಇದ್ದಾರೆ. ನಾನು ಫೋನ್ ಮಾಡಿ ಆರ್ಡರ್ ಕೊಟ್ಟೆ. ಅವರ ಹತ್ತಿರ ಕಾನ್ಪುರ ರಿವಾಲ್ವರ್‌ನ ಪ್ಲಾಸ್ಟಿಕ್ ಅಚ್ಚು ಇತ್ತು, ಅದರ ಮೇಲೇ ಮಾಡಿದರು. ಯಾರಾದರೂ "ಅಳತೆಗೆ ನಿಮ್ಮ ರಿವಾಲ್ವರ್ ಕೊಟ್ಟು ಹೋಗಿ" ಅಥವಾ "ಕೊರಿಯರ್ ಮಾಡಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ಆಯುಧ ನಿಮ್ಮ ಕೈಬಿಟ್ಟು ಹೋಗುವುದಾದರೆ ಅದಕ್ಕೆ ಲೈಸೆನ್ಸ್ ಇರುವ ಡೀಲರ್ ಹತ್ತಿರ ಅಥವಾ ಪೊಲೀಸ್ ಠಾಣೆಗೆ ಮಾತ್ರ.

ಮೂರು ವಾರಕ್ಕೆ ಬಂತು. ತೋಟಾ ತೆಗೆದು ಖಾಲಿ ರಿವಾಲ್ವರ್ ಹಾಕಿ ನೋಡಿದೆ. ಟಕ್ ಅಂತ ಕೂರುತ್ತದೆ, ತಲೆಕೆಳಗು ಮಾಡಿ ಅಲ್ಲಾಡಿಸಿದರೂ ಬೀಳುವುದಿಲ್ಲ. ನಮ್ಮ ಮಾದರಿಯವರು ಒಂದನ್ನು ಗಮನಿಸಲೇಬೇಕು. ಈ ರಿವಾಲ್ವರ್ ತೆರೆಯುವ ಲಿವರ್ ಎಡಗಡೆ ಇರುತ್ತದೆ, ಹೆಬ್ಬೆರಳಿಗೆ ಸಿಗುವ ಹಾಗೆ. ಹೋಲ್ಸ್ಟರ್ ಅಥವಾ ಅದರ ಪಟ್ಟಿ ಆ ಲಿವರ್ ಮೇಲೆ ಒತ್ತಿದರೆ ಸೊಂಟದಲ್ಲೇ ರಿವಾಲ್ವರ್ ಬಾಯಿ ಬಿಡಬಹುದು. ನನ್ನದರಲ್ಲಿ ಆ ಜಾಗವನ್ನು ಉಬ್ಬಿಸಿ ಬಿಟ್ಟಿದ್ದಾರೆ. ಕುದುರೆ, ಅಂದರೆ ಬೆರಳಲ್ಲಿ ಎಳೆಯುವ ಟ್ರಿಗರ್, ಇರುವ ಜಾಗ ಪೂರ್ತಿ ಮುಚ್ಚಿದೆ. ಕೆಳಗೆ ನಳಿಕೆಯ ತುದಿಯಲ್ಲಿ ನೀರು ಇಳಿಯಲು ಕಿಂಡಿ ಇದೆ. ಈ ಕಿಂಡಿ ಇಲ್ಲದ ಹೋಲ್ಸ್ಟರ್ ಬಿಟ್ಟಿ ಕೊಟ್ಟರೂ ಬೇಡ, ಅದು ಲೋಟ ಆಗುತ್ತದೆ.

ಮೊದಲ ಪರೀಕ್ಷೆ ಬೇಗನೇ ಬಂತು. 2025ರ ಮೇ 18ರ ಭಾನುವಾರ ರಾತ್ರಿ ಸುರಿದ ಮಳೆ ಯಾರಿಗೆ ನೆನಪಿಲ್ಲ ಹೇಳಿ. ಬೆಳಗಾಗುವುದರೊಳಗೆ ನೂರು ಮಿಲಿಮೀಟರ್‌ಗೂ ಜಾಸ್ತಿ ಆಗಿತ್ತು, ಸಿಲ್ಕ್ ಬೋರ್ಡ್ ಕಡೆ, ಸಾಯಿ ಲೇಔಟ್ ಕಡೆ ಮನೆಗಳಿಗೇ ನೀರು. ಸೋಮವಾರ ಒಂದು ಮದುವೆಯ ಸರ ಕೊಡಲೇಬೇಕಿತ್ತು, ಮುಹೂರ್ತ ನಮಗಾಗಿ ಕಾಯುವುದಿಲ್ಲ. ಚಾಮರಾಜಪೇಟೆಯಿಂದ ನಗರ್ತಪೇಟೆ, ಅಲ್ಲಿಂದ ಮಲ್ಲೇಶ್ವರ, ವಾಪಸ್. ರೈನ್‌ಕೋಟ್ ಒಳಗೂ ಶರ್ಟು ಒದ್ದೆಯಾಗಿತ್ತು. ಮನೆಗೆ ಬಂದು ತೋಟಾ ತೆಗೆದು ನೋಡಿದರೆ ಹೋಲ್ಸ್ಟರ್ ಒಳಗೆ ನಾಲ್ಕಾರು ಹನಿ. ಬಟ್ಟೆಯಲ್ಲಿ ಒರೆಸಿದೆ, ಮುಗಿಯಿತು. ಒಂದು ನಿಮಿಷದ ಕೆಲಸ. ಹಿಂದಿನ ವರ್ಷ ಎರಡು ದಿನವಾದರೂ ಒಣಗದೆ ಕೂತಿದ್ದ ಚರ್ಮ ನೆನಪಾಗಿ ಕಣ್ಣು ತುಂಬಿ ಬಂತು, ನಿಜ ಹೇಳುತ್ತೇನೆ. ಆ ರಿವಾಲ್ವರ್ ಕೊಡಿಸಿದ್ದು ಅಪ್ಪ, ಈಗ ಅವರಿಲ್ಲ.

ಸ್ಕೂಟರ್ ಸವಾರರು ಒಂದು ತಿಳಿದುಕೊಳ್ಳಿ. ನೀರು ಮೇಲಿನಿಂದ ಮಾತ್ರ ಬರುವುದಿಲ್ಲ. ರೈನ್‌ಕೋಟ್ ಮೇಲೆ ಜಾರಿದ ನೀರು ಸೀಟಿನ ಮೇಲೆ ಮಡಿಲಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಪ್ಯಾಂಟಿನ ಬಟ್ಟೆ ಹೀರಿಕೊಂಡು ಸೊಂಟದವರೆಗೆ ಏರುತ್ತದೆ. ನನ್ನ ಚರ್ಮದ ಹೋಲ್ಸ್ಟರ್ ಅಂದು ಒದ್ದೆಯಾದದ್ದು ಹಾಗೆಯೇ, ಕೆಳಗಿನಿಂದ. ಈಗ ಬೆಲ್ಟನ್ನು ಸ್ವಲ್ಪ ಮೇಲೆ ಕಟ್ಟುತ್ತೇನೆ, ಎರಡು ತುಂಡಿನ ರೈನ್‌ಕೋಟ್ ಹಾಕುತ್ತೇನೆ, ಪ್ಯಾಂಟಿನ ಮೇಲಂಚು ಹೋಲ್ಸ್ಟರ್‌ಗಿಂತ ಮೇಲೆ ಬರುವಂತೆ ನೋಡಿಕೊಳ್ಳುತ್ತೇನೆ. ಮಳೆ ಜೋರಾದರೆ ಫ್ಲೈಓವರ್ ಕೆಳಗೆ ನಿಲ್ಲುತ್ತೇವಲ್ಲ, ಅಲ್ಲಿ ಎಲ್ಲರೆದುರು ರೈನ್‌ಕೋಟ್ ಬಿಚ್ಚಬೇಡಿ. ಹೋಲ್ಸ್ಟರ್ ಕಂಡರೆ ಪಕ್ಕದಲ್ಲಿ ನಿಂತವರು ಹೆದರುತ್ತಾರೆ, ಅವರದು ತಪ್ಪಲ್ಲ. ಆಯುಧ ಹೊರಗೆ ಕಾಣದಂತೆ ಇರಬೇಕು. ಒದ್ದೆಯಾಗುತ್ತದೆ ಅಂತ ಡಿಕ್ಕಿಯಲ್ಲಿ ಹಾಕಿ ಹೋಗುವವರನ್ನೂ ಕಂಡಿದ್ದೇನೆ, ಅದಂತೂ ಕೂಡದು. ಸ್ಕೂಟರ್ ಕಳುವಾದರೆ ಏನು ಗತಿ?

ಇನ್ನು ದೋಷಗಳು. ಮೊದಲನೆಯದು ಸ್ಕ್ರೂ. ಬೆಲ್ಟ್ ಕ್ಲಿಪ್ ಹಿಡಿಯುವ ನಾಲ್ಕು ಸ್ಕ್ರೂಗಳೂ ಸಾದಾ ಕಬ್ಬಿಣದವು, ಮೇಲೆ ಕಪ್ಪು ಬಣ್ಣ ಅಷ್ಟೇ. ಜುಲೈ ಹೊತ್ತಿಗೆ ತುಕ್ಕು ಹಿಡಿದು ಅಂಗಿಯ ಮೇಲೆ ಕಂದು ಕಲೆ ಬೀಳಲು ಶುರುವಾಯಿತು. ಮಳೆಗೆಂದೇ ಮಾಡಿದ ವಸ್ತುವಿಗೆ ಇಂಥ ಸ್ಕ್ರೂ ಹಾಕಬಾರದಿತ್ತು. ಎಸ್‌ಪಿ ರೋಡಿನಲ್ಲಿ ಸ್ಟೇನ್‌ಲೆಸ್ ಸ್ಟೀಲಿನವು ತಂದು ಹಾಕಿದೆ, ನಾಲ್ಕಕ್ಕೆ ಮೂವತ್ತು ರೂಪಾಯಿಯೂ ಆಗಲಿಲ್ಲ. ಅಲುಗಾಟಕ್ಕೆ ಸಡಿಲವಾಗದಂತೆ ಒಂದೊಂದು ಹನಿ ಥ್ರೆಡ್‌ಲಾಕರ್ ಹಾಕಿದೆ. ಮಾಡಿದವರಿಗೆ ಫೋನ್ ಮಾಡಿ ಹೇಳಿದೆ, ಮರ್ಯಾದೆಯಿಂದ ಕೇಳಿಸಿಕೊಂಡರು, ಸ್ಕ್ರೂ ಮಾತ್ರ ಕಳಿಸಲಿಲ್ಲ.

ಎರಡನೆಯದು ಮಣ್ಣು. ನಮ್ಮ ರಸ್ತೆಗಳ ಮಳೆ ನೀರು ಅಂದರೆ ಬರೀ ನೀರಲ್ಲ, ಅದರಲ್ಲಿ ಮೆಟ್ರೋ ಕೆಲಸದ ಸಿಮೆಂಟ್ ಧೂಳು, ಮರಳು ಎಲ್ಲಾ ಇರುತ್ತದೆ. ಗಟ್ಟಿ ಪ್ಲಾಸ್ಟಿಕ್ ಮತ್ತು ಉಕ್ಕಿನ ನಡುವೆ ಒಂದು ಕಾಳು ಮರಳು ಸಿಕ್ಕಿದರೆ ಸಾಕು, ಪ್ರತಿ ಸಾರಿ ತೆಗೆದು ಹಾಕುವಾಗ ಗೀರು ಬೀಳುತ್ತದೆ. ನಳಿಕೆಯ ಅಂಚಿನಲ್ಲಿ ನನ್ನ ಬ್ಲೂಯಿಂಗ್ ಸ್ವಲ್ಪ ಸವೆದಿದೆ. ಚರ್ಮದಲ್ಲಿ ಇಷ್ಟು ಬೇಗ ಸವೆಯುತ್ತಿರಲಿಲ್ಲ. ಆದರೆ ಕೈಡೆಕ್ಸನ್ನು ನಲ್ಲಿ ಕೆಳಗೆ ಹಿಡಿದು ಪಾತ್ರೆ ಸೋಪು ಹಾಕಿ ತೊಳೆಯಬಹುದು, ವಾರಕ್ಕೊಮ್ಮೆ ತೊಳೆಯಲೇಬೇಕು.

ನೆಲದ ಮೇಲೆ ಕೂತು ಕೆಲಸ ಮಾಡುವವರಿಗೆ ಇದು ಹಿಂಸೆ. ನಾವು ಅಂಗಡಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತೇವೆ, ಗಟ್ಟಿ ಅಂಚು ಸೊಂಟದ ಮೂಳೆಗೆ ಒತ್ತುತ್ತದೆ. ಚರ್ಮ ಮೈಗೆ ಹೊಂದಿಕೊಳ್ಳುತ್ತದೆ, ಇದು ಹೊಂದಿಕೊಳ್ಳುವುದಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಖಾಲಿ ಹೋಲ್ಸ್ಟರ್ ಬಿಟ್ಟರೂ ಸೊಟ್ಟಗಾಗುವ ಸಾಧ್ಯತೆ ಇದೆ, ಶಾಖಕ್ಕೆ ಮೆತ್ತಗಾಗುವ ವಸ್ತು ಅಲ್ವಾ.

ಬೆವರಿನ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಅದೇ ಆಶ್ಚರ್ಯ. ಮಳೆನೀರಿಗಿಂತ ಬೆವರು ಕೆಟ್ಟದ್ದು, ಏಕೆಂದರೆ ಅದರಲ್ಲಿ ಉಪ್ಪಿದೆ. ರೈನ್‌ಕೋಟ್ ಹಾಕಿ ಮೈಸೂರು ಬ್ಯಾಂಕ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತರೆ ಒಳಗೆ ಇಡ್ಲಿ ಪಾತ್ರೆಯ ಹಾಗೆ ಆವಿ. ನನ್ನ ಹೋಲ್ಸ್ಟರ್‌ನಲ್ಲಿ ಮೈ ಕಡೆಯ ಹಾಳೆಯನ್ನು ಹಿಡಿಕೆಯ ಹತ್ತಿರದವರೆಗೆ ಎತ್ತರಿಸಿದ್ದಾರೆ, ಅದಕ್ಕೆ ಹೆಚ್ಚಿಗೆ 200 ರೂಪಾಯಿ ಕೇಳಿದರು. ಕೊಡಿ, ಯೋಚನೆ ಮಾಡಬೇಡಿ. ಅದು ಇಲ್ಲದಿದ್ದರೆ ಹ್ಯಾಮರ್ (ತೋಟಾಗೆ ಬಡಿಯುವ ಹಿಂದಿನ ಭಾಗ) ಹತ್ತಿರದ ಲೋಹ ನೇರವಾಗಿ ಬನಿಯನ್‌ಗೆ ತಾಗುತ್ತದೆ. ಇನ್ನೊಂದು, ಏಸಿ ಇರುವ ಶೋರೂಮ್‌ನಲ್ಲಿ ಗಂಟೆಗಟ್ಟಲೆ ಕೂತು ಹೊರಗೆ ಬಂದಾಗ ಕನ್ನಡಕ ಮಂಜಾಗುತ್ತದಲ್ಲ, ತಣ್ಣಗಾದ ರಿವಾಲ್ವರ್ ಮೇಲೂ ಹಾಗೇ ಮಂಜು ಕೂರುತ್ತದೆ. ಮಳೆ ಬಾರದ ದಿನವೂ ಒರೆಸಬೇಕು ಅನ್ನುವುದು ಅದಕ್ಕೇ.

ಎಣ್ಣೆ ಮೂರು ಬಗೆಯದ್ದು ಬಳಸಿ ನೋಡಿದ್ದೇನೆ. ಡಬ್ಲ್ಯುಡಿ 40 ಎಲ್ಲರ ಮನೆಯಲ್ಲೂ ಇರುತ್ತದೆ. 1953ರಲ್ಲಿ ಅಮೆರಿಕದಲ್ಲಿ ಮಾಡಿದ್ದು, ಹೆಸರೇ ನೀರು ಓಡಿಸುವುದು ಎಂಬ ಅರ್ಥದ್ದು, 40 ಅಂದರೆ ನಲವತ್ತನೇ ಪ್ರಯತ್ನದ ಸೂತ್ರ. ನೀರನ್ನು ಚೆನ್ನಾಗಿ ಓಡಿಸುತ್ತದೆ, ಆದರೆ ಕಾವಲಿಗೆ ನಿಲ್ಲುವುದಿಲ್ಲ. ಕೆಲವು ದಿನಕ್ಕೆ ಆರಿಹೋಗುತ್ತದೆ. ನಾನು ಪೂರ್ತಿ ನೆನೆದ ದಿನ ಮಾತ್ರ ಮೊದಲು ಇದನ್ನು ಹಾಕಿ, ಒರೆಸಿ, ಮೇಲೆ ನಿಜವಾದ ಎಣ್ಣೆ ಹಚ್ಚುತ್ತೇನೆ. ರಂಗೂನ್ ಎಣ್ಣೆ ಹಳಬರ ನೆಚ್ಚಿನದು, ಗನ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ತೆಳ್ಳಗೆ ಹರಡುತ್ತದೆ, ಮಳೆಗಾಲದಲ್ಲಿ ವಾರಕ್ಕೆರಡು ಸಾರಿಯಾದರೂ ಹಚ್ಚಬೇಕು. ನನಗೆ ಜಾಸ್ತಿ ಹಿಡಿಸಿದ್ದು ಜರ್ಮನಿಯ ಬ್ಯಾಲಿಸ್ಟಾಲ್, 1904ರಿಂದ ಇರುವಂಥದ್ದು. ನೀರಿನ ಜೊತೆ ಬೆರೆತು ಹಾಲಿನಂತಾಗುತ್ತದೆ, ಹಾಗಾಗಿ ಸಂದಿಯಲ್ಲಿ ಹನಿ ಉಳಿದಿದ್ದರೂ ಹಿಡಿದುಕೊಳ್ಳುತ್ತದೆ. ಬೆಲೆ ಜಾಸ್ತಿ, ವಾಸನೆಯೂ ಜಾಸ್ತಿ. ಮೊದಲ ದಿನ ನನ್ನ ಹೆಂಡತಿ "ರೀ, ಯಾರಿಗಾದ್ರೂ ಔಷಧಿ ಹಚ್ಚಿದ್ದೀರಾ?" ಅಂತ ಅಡುಗೆಮನೆಯಿಂದ ಕೇಳಿದಳು. ಈಗ ಬಾಲ್ಕನಿಯ ಬಾಗಿಲು ತೆಗೆದಿಟ್ಟುಕೊಂಡು ಹಚ್ಚುತ್ತೇನೆ.

ಯಾವ ಎಣ್ಣೆಯಾದರೂ ತೋಟಾಗೆ ತಾಗಬಾರದು. ಹಿಂಭಾಗದ ಪ್ರೈಮರ್ (ಕಿಡಿ ಹೊತ್ತಿಸುವ ಮದ್ದು) ಒಳಗೆ ಎಣ್ಣೆ ಇಳಿದರೆ ತೋಟಾ ಸಿಡಿಯದೇ ಹೋಗಬಹುದು. ಸಿಲಿಂಡರ್‌ನ ಆರೂ ತೂತುಗಳನ್ನು ಒಣ ಬಟ್ಟೆಯಲ್ಲಿ ಒರೆಸಿಯೇ ತೋಟಾ ಹಾಕಬೇಕು. ಎಣ್ಣೆ ಸುರಿದಷ್ಟೂ ಒಳ್ಳೆಯದು ಅನ್ನುವುದು ತಪ್ಪು, ಬನಿಯನ್ ನೂಲು, ಧೂಳು ಎಲ್ಲಾ ಅಂಟಿಕೊಂಡು ಕೆಸರಾಗುತ್ತದೆ. ಬೆರಳಲ್ಲಿ ಸವರಿದರೆ ಜಿಡ್ಡು ತಿಳಿಯಬೇಕು, ಕಣ್ಣಿಗೆ ಕಾಣಬಾರದು.

ಮನೆಗೆ ಬಂದ ಕೂಡಲೇ ನಾನು ಮಾಡುವುದು ಹೀಗೆ. ಕೋಣೆಯ ಬಾಗಿಲು ಹಾಕಿಕೊಂಡು, ನಳಿಕೆ ಗೋಡೆಯ ಕಡೆ ಇಟ್ಟು, ತೆರೆದು, ಆರು ತೋಟಾ ಎಣಿಸಿ ಡಬ್ಬಿಗೆ ಹಾಕುತ್ತೇನೆ. ಆರು ಎಣಿಸುವವರೆಗೆ ಬೇರೆ ಕೆಲಸ ಇಲ್ಲ, ಫೋನ್ ಬಂದರೂ ಎತ್ತುವುದಿಲ್ಲ. ಹಳೆ ಪಂಚೆಯ ತುಂಡಿನಲ್ಲಿ ಹೊರಗೆಲ್ಲಾ ಒರೆಸಿ, ಕೋಲಿಗೆ ಬಟ್ಟೆ ಸುತ್ತಿ ನಳಿಕೆಯಲ್ಲಿ ಎರಡು ಸಾರಿ ಎಳೆದು, ತೆರೆದೇ ಇಟ್ಟು ಫ್ಯಾನ್ ಹಾಕಿ ಪಕ್ಕದಲ್ಲೇ ಕೂರುತ್ತೇನೆ. ಹತ್ತು ನಿಮಿಷ ಅಷ್ಟೇ. ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ, ಒಣಗಲಿ ಅಂತ ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗುವುದಿಲ್ಲ. ಆಮೇಲೆ ಎಣ್ಣೆ ಸವರಿ, ಹೋಲ್ಸ್ಟರ್ ಇಲ್ಲದೆ, ಬೀರುವಿನೊಳಗಿನ ಬೀಗದ ಪೆಟ್ಟಿಗೆಗೆ. ಹೋಲ್ಸ್ಟರ್ ಹೊರಗೆ ಗೂಟಕ್ಕೆ.

ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡುತ್ತೇನೆ. ಗಾಳಿಯ ತೇವಾಂಶ ಶೇಕಡ 60 ದಾಟಿದರೆ ಉಕ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ, ನಮ್ಮೂರಲ್ಲಿ ಆಗಸ್ಟ್ ಬೆಳಗಿನ ಹೊತ್ತು 80 ದಾಟಿರುತ್ತದೆ. ನೀಲಿ ಕಾಳುಗಳು ತೇವ ಹೀರಿದ ಮೇಲೆ ಗುಲಾಬಿ ಆಗುತ್ತವೆ. ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ನೀಲಿ. ಆ ನೀಲಿ ಬಣ್ಣದಲ್ಲಿ ಕೋಬಾಲ್ಟ್ ಇರುತ್ತದೆ, ವಿಷ. ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ, ಕಿತ್ತಳೆ ಬಣ್ಣದ್ದು ಸಿಕ್ಕರೆ ಅದನ್ನೇ ತನ್ನಿ.

ಚುನಾವಣೆ ಬಂದಾಗ ಆಯುಧವನ್ನು ಠಾಣೆಗೆ ಒಪ್ಪಿಸಲು ಹೇಳುತ್ತಾರೆ. 2024ರ ಲೋಕಸಭೆ ಚುನಾವಣೆಗೆ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ಫಲಿತಾಂಶ ಜೂನ್ 4ಕ್ಕೆ. ಅಷ್ಟು ದಿನ ನಾನು ಚರ್ಮದ ಹೋಲ್ಸ್ಟರ್‌ನಲ್ಲೇ ಇಟ್ಟು ಒಪ್ಪಿಸಿದ್ದೆ, ವಾಪಸ್ ಬಂದಾಗ ಮಂಕು ಚುಕ್ಕೆಗಳಿದ್ದವು. ಠಾಣೆಯವರ ತಪ್ಪಲ್ಲ, ಚರ್ಮದಲ್ಲಿ ಇಟ್ಟು ಕೊಟ್ಟದ್ದು ನಾನು. ಪೀಣ್ಯದಲ್ಲಿ ಮೆಷಿನ್ ಶಾಪ್ ಇರುವ ನನ್ನ ಭಾವನಿಗೆ ಹೇಳಿದಾಗ ಅವರು ವಿಸಿಐ ಕವರ್ ಕೊಟ್ಟರು. ತಯಾರಾದ ಉಕ್ಕಿನ ಭಾಗಗಳನ್ನು ತುಕ್ಕು ಹಿಡಿಯದಂತೆ ಪ್ಯಾಕ್ ಮಾಡಿ ಕಳಿಸುವುದು ಇದರಲ್ಲೇ. ಕವರ್‌ನಿಂದ ಹೊರಡುವ ಆವಿ ಲೋಹದ ಮೇಲೆ ತೆಳ್ಳಗೆ ಕೂತು ಕಾಪಾಡುತ್ತದೆ. ಮುಂದಿನ ಸಾರಿ ಪೂರ್ತಿ ಒಣಗಿಸಿ, ಎಣ್ಣೆ ಸವರಿ, ಇದರಲ್ಲೇ ಹಾಕಿ ಒಪ್ಪಿಸುತ್ತೇನೆ.

ಇದೇ ಯೋಚನೆಯಲ್ಲಿ ಓಡಾಡುವಾಗಲೂ ಜಿಪ್ ಇರುವ ನೀರು ಹೋಗದ ಚೀಲದಲ್ಲಿ ರಿವಾಲ್ವರ್ ಹಾಕಿ ನೋಡಿದೆ. ಚೀಲಕ್ಕೆ ಕೊಟ್ಟ 900 ರೂಪಾಯಿ ವ್ಯರ್ಥ. ಒಳಗಿನ ಬಿಸಿ ಗಾಳಿ ತಣ್ಣಗಾದಾಗ ಹನಿಯಾಗಿ ಲೋಹದ ಮೇಲೇ ಕೂರುತ್ತದೆ, ಹೋಗಲು ದಾರಿಯಿಲ್ಲ. ಬೇಕಾದ ಹೊತ್ತಿಗೆ ಕೈಗೆ ಸಿಗುವುದೂ ಇಲ್ಲ. ಆ ಚೀಲ ಈಗ ಲೈಸೆನ್ಸ್ ಪುಸ್ತಕಕ್ಕೆ. 2024ರ ಆ ರಾತ್ರಿ ಜೇಬಿನಲ್ಲಿದ್ದ ಪುಸ್ತಕದ ಶಾಯಿ ಹರಡಿ ಒಂದು ಸೀಲು ಓದಲು ಬರದಂತಾಗಿತ್ತು, ಸರಿಪಡಿಸಲು ಓಡಾಡಿದ್ದು ರಿವಾಲ್ವರ್ ರಿಪೇರಿಗಿಂತ ಜಾಸ್ತಿ. ಸ್ಟೀಲು ಒರೆಸಬಹುದು, ಕಾಗದ ಒರೆಸಲಾಗದು.

ನವೆಂಬರ್ ಕೊನೆಗೆ ಅದೇ ಡೀಲರ್ ಹತ್ತಿರ ಮತ್ತೆ ಬಿಚ್ಚಿಸಿದೆ. ಸ್ಪ್ರಿಂಗ್ ಶುಚಿಯಾಗಿತ್ತು, ಸಿಲಿಂಡರ್ ಮೇಲೆ ಹೊಸ ಚುಕ್ಕೆ ಒಂದೂ ಇಲ್ಲ, ಹಳೆಯ ಕಲೆ ಎರಡು ಹಾಗೇ ಇವೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಚರ್ಮದ್ದು, ಮೊದಲ ಮುಂಗಾರು ಪೂರ್ವ ಮಳೆ ಬಿದ್ದ ದಿನದಿಂದ ಕೈಡೆಕ್ಸ್, ಹೀಗೆ ನಡೆಸುತ್ತೇನೆ. ಆರ್ಡರ್ ಕೊಡುವವರು ಏಪ್ರಿಲ್ ಮೊದಲ ವಾರದೊಳಗೆ ಕೊಡಿ, ಮೂರು ವಾರ ಹಿಡಿಯುತ್ತದೆ. ಎಡಗೈಯವರಾದರೆ ಮೊದಲೇ ಹೇಳಿ, ಬೆಲ್ಟಿನ ಅಗಲ ಅಳೆದು ಹೇಳಿ, ಕೆಳಗಿನ ಕಿಂಡಿ ಮತ್ತು ಮೈ ಕಡೆಯ ಎತ್ತರದ ಹಾಳೆ ಎರಡನ್ನೂ ಬಾಯಿಬಿಟ್ಟು ಕೇಳಿ, ಸ್ಟೇನ್‌ಲೆಸ್ ಸ್ಕ್ರೂ ಹಾಕಿ ಕೊಡುತ್ತೀರಾ ಅಂತಲೂ ಕೇಳಿ.